ಕನಿಷ್ಠ ವೇತನದ ಲೆಕ್ಕದಲ್ಲಿ ಮನೆಬಾಡಿಗೆ ಎಲ್ಲಿದೆ?

ಕನಿಷ್ಠ ವೇತನವನ್ನು ಹೆಚ್ಚಿಸಬೇಕೆಂಬ ಬೇಡಿಕೆ ಹೊಸದೇನೂ ಅಲ್ಲ. ಬೆಲೆಗಳು ಏರಿದಾಗಲೆಲ್ಲ ಈ ಕೂಗು ಏಳುತ್ತದೆ. ಸಮಿತಿ ಕೂಡುತ್ತದೆ, ಅಧಿಸೂಚನೆ ಹೊರಡುತ್ತದೆ, ಸ್ವಲ್ಪ ಕಾಲ ಸಮಾಧಾನ ನೆಲೆಸುತ್ತದೆ, ಬಳಿಕ ಮತ್ತೆ ಅದೇ ಕೂಗು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖ ಬಂದಿದೆ. ಅಕ್ಕಿಯ ಕ್ರಯ, ಮೀನಿನ ಕ್ರಯಗಳಿಗಿಂತ ಮೊದಲು ಈಗ ದುಡಿಯುವವರ ಬಾಯಲ್ಲಿ ಬರುವುದು ಮನೆಬಾಡಿಗೆಯ ಮಾತು.

ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರ ಒಬ್ಬ ತಾಯಿ ಮಗಳ ವರ್ಗಾವಣೆ ಪತ್ರಕ್ಕಾಗಿ ನಮ್ಮಲ್ಲಿಗೆ ಬಂದಿದ್ದರು. ಜವಳಿ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ. ಹುಡುಗಿ ಎಂಟನೆಯ ತರಗತಿಗೆ ಬರಬೇಕಾದವಳು, ಓದಿನಲ್ಲಿ ಚುರುಕು. ಏಕೆ ಬಿಡಿಸುತ್ತೀರಿ ಎಂದು ಕೇಳಿದಾಗ ಅವರೆಂದದ್ದು ಇಷ್ಟೆ: “ಮಾಷ್ಟ್ರೇ, ಸಂಬಳ ಐನೂರು ಹೆಚ್ಚು ಮಾಡಿದ್ದಾರೆ. ಕ್ವಾರ್ಟರ್ಸಿನ ಬಾಡಿಗೆ ಸಾವಿರ ಹೆಚ್ಚು ಮಾಡಿದ್ದಾರೆ. ಇನ್ನು ಇಲ್ಲಿ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ. ಒಳಗಡೆ ಒಂದು ಕಡೆ ಕಡಿಮೆಗೆ ಸಿಕ್ಕಿದೆ. ಅಲ್ಲಿ ಹತ್ತಿರ ಕನ್ನಡ ಶಾಲೆ ಇಲ್ಲ.”

ಈ ಐದು ವಾಕ್ಯಗಳಲ್ಲಿ ಒಂದು ಇಡೀ ಅರ್ಥಶಾಸ್ತ್ರ ಅಡಗಿದೆ ಎಂದು ನಮಗೆ ತೋರಿತು. ವೇತನ ಏರಿಸುವುದರಿಂದ ದುಡಿಯುವವನ ಬಾಳು ಹಸನಾಗುವುದೆಂಬ ನಂಬಿಕೆ ಎಲ್ಲಿ ಸರಿ, ಎಲ್ಲಿ ಅರ್ಧ ಸರಿ ಎಂಬುದನ್ನು ವಾಚಕರೊಂದಿಗೆ ಕೂತು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಕಾನೂನು ಏನು ಹೇಳುತ್ತದೆ?

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕನಿಷ್ಠ ವೇತನ ಕಾಯಿದೆ ಜಾರಿಗೆ ಬಂತು. ಕಾಯಿದೆಯ ಪಟ್ಟಿಯಲ್ಲಿ ಸೇರಿದ ಉದ್ಯೋಗಗಳಿಗೆ ಸರ್ಕಾರ ಕನಿಷ್ಠ ಸಂಬಳವನ್ನು ಗೊತ್ತುಪಡಿಸಬೇಕು, ಐದು ವರ್ಷ ಮೀರದಂತೆ ಅದನ್ನು ಪರಿಷ್ಕರಿಸಬೇಕು ಎಂಬುದು ಅದರ ಸಾರ. ಕೇರಳದ ಅಧಿಸೂಚನೆಗಳಲ್ಲಿ ಮೂಲವೇತನದ ಮೇಲೆ, ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಕೊಂಡು ಏರುವ ತುಟ್ಟಿಭತ್ತೆಯೂ ಇರುತ್ತದೆ.

2019ರಲ್ಲಿ ಸಂಸತ್ತು ವೇತನ ಸಂಹಿತೆಯನ್ನು ಅಂಗೀಕರಿಸಿತು. ಆರು ವರ್ಷ ಕಡತದಲ್ಲಿದ್ದ ಈ ಸಂಹಿತೆಯನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಇತರ ಮೂರು ಕಾರ್ಮಿಕ ಸಂಹಿತೆಗಳ ಜೊತೆ ಜಾರಿಗೆ ತಂದಿತು. ಕೇರಳ ಸರ್ಕಾರ ಆಗ ಈ ಸಂಹಿತೆಗಳಿಗೆ ತನ್ನ ವಿರೋಧ ಸೂಚಿಸಿತ್ತು. ಆ ವಿವಾದದ ಇತರ ವಿಚಾರಗಳನ್ನು ಇಲ್ಲಿ ಎತ್ತುವುದಿಲ್ಲ. ನಮಗೆ ಮುಖ್ಯವಾದವು ಎರಡು. ಮೊದಲನೆಯದಾಗಿ, ಕನಿಷ್ಠ ವೇತನದ ಹಕ್ಕು ಈಗ ಪಟ್ಟಿಯಲ್ಲಿನ ಉದ್ಯೋಗಗಳಿಗೆ ಮಾತ್ರ ಸೀಮಿತವಾಗಿಲ್ಲ, ಎಲ್ಲ ಉದ್ಯೋಗಿಗಳಿಗೂ ಅನ್ವಯಿಸುತ್ತದೆ. ಎರಡನೆಯದಾಗಿ, ಯಾವ ರಾಜ್ಯವೂ ಇದಕ್ಕಿಂತ ಕೆಳಗೆ ಇಳಿಯಬಾರದೆಂಬ ಒಂದು ತಳವೇತನವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಬೇಕು. ಈ ತಳವೇತನದ ಕಲ್ಪನೆ ಮೊದಲೂ ಇತ್ತು, ಆದರೆ ಕಾನೂನಿನ ಬಲವಿರಲಿಲ್ಲ. 2017ರಲ್ಲಿ ಅದು ದಿನಕ್ಕೆ 176 ರೂಪಾಯಿ ಆಗಿತ್ತು. ಅಷ್ಟು ಹಣಕ್ಕೆ ಕಾಸರಗೋಡು ಪೇಟೆಯಲ್ಲಿ ನಾಲ್ಕು ಜನರ ಕುಟುಂಬ ಎರಡು ಹೊತ್ತು ಊಟ ಮಾಡುವುದು ಸಾಧ್ಯವೇ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಕೇರಳದ ದೊಡ್ಡ ಕೂಲಿಯೆಂಬ ಮಾತು

“ಕೇರಳದಲ್ಲಿ ಕೂಲಿಗೇನು ಕಡಿಮೆ?” ಎಂದು ಗಡಿಯಾಚೆಯ ಬಂಧುಗಳು ಕೇಳುವುದುಂಟು. ಅದರಲ್ಲಿ ಸತ್ಯವಿದೆ. ರಿಸರ್ವ್ ಬ್ಯಾಂಕು ಪ್ರಕಟಿಸಿದ ಅಂಕಿಗಳಂತೆ 2022-23ರಲ್ಲಿ ಕೇರಳದ ಗ್ರಾಮೀಣ ಕೃಷಿ ಕೂಲಿಕಾರನ ಸರಾಸರಿ ದಿನಗೂಲಿ 764 ರೂಪಾಯಿ. ಇಡೀ ದೇಶದ ಸರಾಸರಿ 346 ರೂಪಾಯಿಯ ಆಸುಪಾಸು. ಕಟ್ಟಡ ಕೆಲಸದವನಿಗೆ ಕೇರಳದಲ್ಲಿ 852 ರೂಪಾಯಿ. ನಮ್ಮ ತೋಟಗಳಲ್ಲಿ ಅಡಿಕೆ ಕೊಯ್ಯುವವರು, ಮದ್ದು ಬಿಡುವವರು ಇದಕ್ಕಿಂತ ಹೆಚ್ಚು ಪಡೆಯುವುದೂ ಉಂಟು. ಇವರ ಕೂಲಿಯನ್ನು ಯಾವ ಅಧಿಸೂಚನೆಯೂ ನಿರ್ಧರಿಸುವುದಿಲ್ಲ. ಆಳು ಸಿಗದ ಕಾಲದಲ್ಲಿ ಕೂಲಿ ತಾನಾಗಿಯೇ ಏರುತ್ತದೆ.

ಕನಿಷ್ಠ ವೇತನದ ಕಾನೂನು ಇರುವುದು ಇವರಿಗಾಗಿಯಲ್ಲ. ಅದು ಜವಳಿ ಅಂಗಡಿಯ ಹುಡುಗಿಗೆ, ಹೋಟೆಲಿನ ಪಾತ್ರೆ ತೊಳೆಯುವವನಿಗೆ, ಖಾಸಗಿ ಆಸ್ಪತ್ರೆಯ ಆಯಾಗೆ, ಪೆಟ್ರೋಲ್ ಬಂಕಿನ ತರುಣನಿಗೆ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರಿಗೆ ಬೇಕಾದದ್ದು. ಇವರಲ್ಲಿ ಬಹುಪಾಲು ಹೆಂಗಸರು. ಒಬ್ಬರು ಬಿಟ್ಟರೆ ಹತ್ತು ಮಂದಿ ಆ ಕೆಲಸಕ್ಕೆ ಬರಲು ಸಿದ್ಧರಿರುತ್ತಾರೆ, ಆದ್ದರಿಂದ ಅವರ ಸಂಬಳ ತಾನಾಗಿ ಏರುವುದಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿಯೂ 2025-26ರಲ್ಲಿ ಕೇರಳಕ್ಕೆ ಗೊತ್ತುಪಡಿಸಿದ್ದ ದಿನಗೂಲಿ 369 ರೂಪಾಯಿ. ಇನ್ನು ಆಶಾ ಕಾರ್ಯಕರ್ತೆಯರಂತಹವರು ವೇತನ ಪಡೆಯುವ ಕೆಲಸಗಾರರೆಂಬ ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ಸಿಗುವುದು ಗೌರವಧನ. ತಿಂಗಳಿಗೆ 7,000 ರೂಪಾಯಿ ಇದ್ದುದನ್ನು 21,000ಕ್ಕೆ ಏರಿಸಬೇಕೆಂದು 2025ರ ಫೆಬ್ರವರಿಯಿಂದ ಅವರು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ತಿಂಗಳುಗಟ್ಟಲೆ ಕುಳಿತರು. ಅಕ್ಟೋಬರ್‌ನಲ್ಲಿ ಸರ್ಕಾರ ಘೋಷಿಸಿದ ಹೆಚ್ಚಳ 1,000 ರೂಪಾಯಿ. ನಮ್ಮಲ್ಲಿಗೆ ಬಂದ ತಾಯಿಯ ಕ್ವಾರ್ಟರ್ಸಿನ ಬಾಡಿಗೆ ಏರಿದ್ದೂ ಅಷ್ಟೇ.

ಬಾಡಿಗೆಗೆ ಇಪ್ಪತ್ತರಲ್ಲಿ ಒಂದು ಪಾಲು

ಕನಿಷ್ಠ ವೇತನವನ್ನು ಲೆಕ್ಕ ಹಾಕುವುದು ಹೇಗೆ? 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೆಯ ಅಧಿವೇಶನ ಇದಕ್ಕೊಂದು ಸೂತ್ರ ಹಾಕಿಕೊಟ್ಟಿತು. ಒಬ್ಬನ ದುಡಿಮೆಯಿಂದ ಮೂರು ವಯಸ್ಕರ ಅನುಭೋಗಕ್ಕೆ ಸಮನಾದ ಕುಟುಂಬ ಬದುಕಬೇಕು. ಆಹಾರ ಸಾಕಷ್ಟು ಇರಬೇಕು. ತಲೆಗೆ ವರ್ಷಕ್ಕೆ 18 ಗಜದಂತೆ ಕುಟುಂಬಕ್ಕೆ 72 ಗಜ ಬಟ್ಟೆ. ಸೌದೆ, ದೀಪ, ಇತರ ಸಣ್ಣಪುಟ್ಟ ಖರ್ಚಿಗೆ ನೂರಕ್ಕೆ ಇಪ್ಪತ್ತು ಪಾಲು. ಮನೆಬಾಡಿಗೆಯ ಬಗ್ಗೆ ಅದು ಹೇಳಿದ್ದನ್ನು ಗಮನಿಸಬೇಕು. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯಲ್ಲಿ ಕಟ್ಟಿದ ಮನೆಗೆ ಸರ್ಕಾರ ವಿಧಿಸುವ ಕನಿಷ್ಠ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು. ಅಂದರೆ ಕಾರ್ಮಿಕನಿಗೆ ಸರ್ಕಾರ ಮನೆ ಕಟ್ಟಿ ಅಗ್ಗದ ಬಾಡಿಗೆಗೆ ಕೊಡುತ್ತದೆ ಎಂಬ ಊಹೆಯ ಮೇಲೆ ಆ ಸೂತ್ರ ನಿಂತಿತ್ತು.

1991ರಲ್ಲಿ ಸುಪ್ರೀಂ ಕೋರ್ಟು ರೆಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಮಕ್ಕಳ ವಿದ್ಯಾಭ್ಯಾಸ, ವೈದ್ಯಕೀಯ, ಮುಪ್ಪು, ಮದುವೆ ಮುಂತಾದವುಗಳಿಗಾಗಿ ಇನ್ನೂ ನೂರಕ್ಕೆ ಇಪ್ಪತ್ತೈದು ಪಾಲು ಸೇರಬೇಕೆಂದಿತು. ವೇತನ ಸಂಹಿತೆಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮಗಳು ಇವನ್ನೆಲ್ಲ ಒಟ್ಟುಗೂಡಿಸಿದವು. ಆದರೆ ಸರ್ಕಾರ ಕಟ್ಟಿದ ಮನೆಯ ಮಾತು ಅಲ್ಲಿಲ್ಲ. ಅದರ ಸ್ಥಾನದಲ್ಲಿ, ಆಹಾರ ಮತ್ತು ಬಟ್ಟೆಯ ಖರ್ಚಿನ ಹತ್ತರಲ್ಲೊಂದು ಪಾಲು ಮನೆಬಾಡಿಗೆ ಎಂದು ಬರೆದಿದ್ದಾರೆ.

ಇದನ್ನು ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕದಲ್ಲಿ ನೋಡೋಣ. ಒಂದು ಕುಟುಂಬದ ಊಟ ಬಟ್ಟೆಗೆ ತಿಂಗಳಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಬಾಡಿಗೆ ಅದರ ಹತ್ತನೆಯ ಒಂದು ಪಾಲು, ಅಂದರೆ 1,000. ಒಟ್ಟು 11,000. ಸೌದೆ, ವಿದ್ಯುತ್ತು ಮುಂತಾದವಕ್ಕೆ ಒಟ್ಟು ವೇತನದ ನೂರಕ್ಕೆ 20, ವಿದ್ಯಾಭ್ಯಾಸ ಇತ್ಯಾದಿಗೆ ನೂರಕ್ಕೆ 25. ಇವೆರಡೂ ಸೇರಿ ನೂರಕ್ಕೆ 45 ಆಯಿತು. ಉಳಿದ 55 ಪಾಲೇ ನಮ್ಮ 11,000. ಹಾಗಾದರೆ ಪೂರ್ತಿ ವೇತನ 20,000 ರೂಪಾಯಿ. ಅದರಲ್ಲಿ ಬಾಡಿಗೆ 1,000. ಇಪ್ಪತ್ತರಲ್ಲಿ ಒಂದು ಪಾಲು, ನೂರಕ್ಕೆ ಐದು. ಊಟ ಬಟ್ಟೆಯ ಮೊತ್ತವನ್ನು ಎಷ್ಟು ಬದಲಿಸಿದರೂ ಈ ಪ್ರಮಾಣ ಬದಲಾಗುವುದಿಲ್ಲ.

ಈಗ ಲೆಕ್ಕವನ್ನು ತಿರುಗಿಸಿ ನೋಡಿ. ಎರಡು ಕೋಣೆ, ಒಂದು ಅಡಿಗೆಮನೆ ಇರುವ ಕ್ವಾರ್ಟರ್ಸಿಗೆ 4,000 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ, ಆ ಬಾಡಿಗೆ ನೂರಕ್ಕೆ ಐದು ಪಾಲಾಗಬೇಕಾದರೆ ಮನೆಯೊಡೆಯನ ಸಂಬಳ ತಿಂಗಳಿಗೆ 80,000 ರೂಪಾಯಿ ಇರಬೇಕು! ಅಷ್ಟು ಸಂಬಳದವರು ಆ ಕ್ವಾರ್ಟರ್ಸಿನಲ್ಲಿ ಇರುವುದಿಲ್ಲ. ಅಲ್ಲಿರುವವರು ಹನ್ನೆರಡು, ಹದಿನೈದು ಸಾವಿರದವರು. ಅವರ ಸಂಬಳದಲ್ಲಿ ಬಾಡಿಗೆಯ ಪಾಲು ನಾಲ್ಕರಲ್ಲೊಂದು, ಕೆಲವರಿಗೆ ಮೂರರಲ್ಲೊಂದು. ಕಾಗದದ ಮೇಲಿನ ಐದಕ್ಕೂ ನಿಜವಾದ ಇಪ್ಪತ್ತೈದು ಮೂವತ್ತಕ್ಕೂ ನಡುವಿನ ಅಂತರವನ್ನು ಆ ಕುಟುಂಬ ಎಲ್ಲಿಂದ ತುಂಬುತ್ತದೆ? ಮೀನು ಕಡಿಮೆ ಮಾಡುತ್ತಾರೆ, ಹಾಲು ನಿಲ್ಲಿಸುತ್ತಾರೆ, ಮಗುವಿನ ಜ್ವರಕ್ಕೆ ಒಂದು ದಿನ ಕಾದು ನೋಡುತ್ತಾರೆ, ಚಿಟ್ಟಿಯಲ್ಲಿ ಎತ್ತುತ್ತಾರೆ, ಇದ್ದ ಬಳೆಯನ್ನು ಬ್ಯಾಂಕಿನಲ್ಲಿಡುತ್ತಾರೆ.

ಈ ಕೊರತೆ ಸರ್ಕಾರಕ್ಕೆ ತಿಳಿಯದ್ದೇನಲ್ಲ. ತಳವೇತನ ಎಷ್ಟಿರಬೇಕೆಂದು ಪರಿಶೀಲಿಸಿದ ಅನೂಪ್ ಸತ್ಪತಿ ನೇತೃತ್ವದ ತಜ್ಞರ ಸಮಿತಿ 2019ರಲ್ಲಿ ದಿನಕ್ಕೆ 375 ರೂಪಾಯಿ, ಅಂದರೆ ತಿಂಗಳಿಗೆ 9,750 ರೂಪಾಯಿ ಶಿಫಾರಸು ಮಾಡಿದಾಗ, ನಗರದ ಕೆಲಸಗಾರರಿಗೆ ಮನೆಬಾಡಿಗೆಗೆಂದು ಪ್ರತ್ಯೇಕವಾಗಿ ತಿಂಗಳಿಗೆ 1,430 ರೂಪಾಯಿವರೆಗೆ ಸೇರಿಸಬೇಕೆಂದಿತು. ಮೊತ್ತ ಸಾಲದು, ಆದರೆ ದಾರಿ ಸರಿಯಾದದ್ದು. ಬಾಡಿಗೆ ಊಟದ ಖರ್ಚಿನ ಬಾಲವಲ್ಲ, ಅದಕ್ಕೆ ಅದರದೇ ಲೆಕ್ಕ ಬೇಕು ಎಂಬುದನ್ನು ಆ ಸಮಿತಿ ಒಪ್ಪಿಕೊಂಡಿತು.

ಹಿಂದೆ ಹೇಗೆ ಸಾಗುತ್ತಿತ್ತು?

“ನಮ್ಮ ಕಾಲದಲ್ಲಿ ಇದಕ್ಕಿಂತ ಕಡಿಮೆ ಕೂಲಿಯಲ್ಲಿ ಮಕ್ಕಳನ್ನು ಸಾಕಲಿಲ್ಲವೇ?” ಎಂದು ಹಿರಿಯರು ಕೇಳುತ್ತಾರೆ. ಸಾಕಿದರು, ನಿಜ. ಆದರೆ ಅವರಲ್ಲಿ ಅನೇಕರ ಕಾಲಡಿಯಲ್ಲಿ ಸ್ವಂತದ್ದೊಂದು ತುಂಡು ನೆಲವಿತ್ತು. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಧಣಿಗಳ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ತನಕ ಜಾಗವನ್ನು ತಮ್ಮದಾಗಿಸಿಕೊಳ್ಳುವ ಹಕ್ಕು ಸಿಕ್ಕಿತು. 1972ರಲ್ಲಿ ನಿವೇಶನವಿಲ್ಲದವರಿಗಾಗಿ ಲಕ್ಷಂವೀಡು ಯೋಜನೆ ಆರಂಭವಾಯಿತು. ಕೂಲಿ ಅಲ್ಪವಾಗಿದ್ದರೂ ಬಾಡಿಗೆಯೆಂಬ ಖರ್ಚೇ ಇರಲಿಲ್ಲ. ಹಿತ್ತಿಲಲ್ಲಿ ಎರಡು ತೆಂಗು, ಒಂದು ನುಗ್ಗೆ, ನಾಲ್ಕು ಕೋಳಿ. ಕೇರಳದ ಕೂಲಿಕಾರ ತಲೆ ಎತ್ತಿ ಕೂಲಿ ಕೇಳಲು ಸಾಧ್ಯವಾದುದಕ್ಕೆ ಸಂಘಟನೆಯಷ್ಟೇ ಆ ಹತ್ತು ಸೆಂಟ್ಸ್ ಕೂಡ ಕಾರಣ. ಧಣಿ ಸಿಟ್ಟಾದರೆ ಕೆಲಸ ಹೋಗುತ್ತಿತ್ತೇ ಹೊರತು ಮನೆ ಹೋಗುತ್ತಿರಲಿಲ್ಲ.

ಆ ಹತ್ತು ಸೆಂಟ್ಸು ಈಗ ಮೂರನೆಯ ತಲೆಮಾರಿಗೆ ಬಂದಿದೆ. ನಾಲ್ಕು ಮಕ್ಕಳಿಗೆ ಹಂಚಿದರೆ ತಲೆಗೆ ಎರಡೂವರೆ ಸೆಂಟ್ಸ್. ಒಬ್ಬ ಅಲ್ಲಿ ಉಳಿದು ಉಳಿದವರು ಕ್ವಾರ್ಟರ್ಸಿಗೆ ಇಳಿದಿದ್ದಾರೆ. ಹೊಸದಾಗಿ ಜಾಗ ಕೊಳ್ಳೋಣವೆಂದರೆ ಕ್ರಯ ಕೈಗೆಟಕುವುದಿಲ್ಲ. ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ 2. ಐದು ಸೆಂಟ್ಸ್ ಜಾಗಕ್ಕೆ ಹತ್ತು ಲಕ್ಷ ಎಂದಾದರೆ ಒಂದು ಲಕ್ಷ ರೂಪಾಯಿ ದಸ್ತಾವೇಜಿಗೇ ಹೋಯಿತು. ಅದರ ಮೇಲೆ 2023ರ ಮುಂಗಡಪತ್ರದಲ್ಲಿ ಸರ್ಕಾರ ಭೂಮಿಯ ನ್ಯಾಯಬೆಲೆಯನ್ನು ನೂರಕ್ಕೆ 20ರಷ್ಟು ಏರಿಸಿತು. ಮುರಕಲ್ಲು, ಹೊಯಿಗೆ, ಸಿಮೆಂಟು, ಮೇಸ್ತ್ರಿಯ ಕೂಲಿ ಎಲ್ಲವೂ ಏರಿವೆ. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯ ಮೊದಲರ್ಧವನ್ನು ನಮ್ಮ ಕೂಲಿ ಕುಟುಂಬಗಳು ಈಗ ಪ್ರಯತ್ನಿಸುವುದನ್ನೇ ಬಿಟ್ಟಿವೆ.

ಇನ್ನು ಬಾಡಿಗೆ ಏರಲು ಊರಿನದೇ ಆದ ಕಾರಣಗಳೂ ಇವೆ. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥವಾಗಿ ಅಗಲಿಸಿದಾಗ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಉದ್ದಕ್ಕೂ ಮನೆ ಅಂಗಡಿಗಳು ಬಿದ್ದವು. ಜಾಗ ಕಳಕೊಂಡವರಿಗೆ ಪರಿಹಾರ ಸಿಕ್ಕಿತು. ಆ ಹಣ ಹಿಡಿದು ಅವರು ಹತ್ತಿರದಲ್ಲೇ ಜಾಗ ಹುಡುಕಿದರು, ಹತ್ತಿರದ ಜಾಗದ ಕ್ರಯ ಏರಿತು. ಕಟ್ಟಡ ಬಿದ್ದಾಗ ಅದರಲ್ಲಿ ಬಾಡಿಗೆಗಿದ್ದವರ ನೆಲೆಯೂ ತಪ್ಪಿತು. ರಸ್ತೆಯ ಕೆಲಸಕ್ಕೂ ಇತರ ಕೆಲಸಗಳಿಗೂ ಹೊರರಾಜ್ಯಗಳಿಂದ ಬಂದ ಕಾರ್ಮಿಕರು ತಲೆಗಿಷ್ಟೆಂದು ಬಾಡಿಗೆ ಕೊಟ್ಟು ಒಂದು ಕೋಣೆಯಲ್ಲಿ ಆರೆಂಟು ಮಂದಿ ಇರುತ್ತಾರೆ. ತಲೆಲೆಕ್ಕದ ಈ ಬಾಡಿಗೆ ಎದುರು ಒಂದು ಕುಟುಂಬದ ಬಾಡಿಗೆ ನಿಲ್ಲಲಾರದು. ಆ ಬಡಪಾಯಿಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರೂ ಮನೆಯಿಲ್ಲದ ಕೂಲಿಯವರೇ. ಗಡಿ ದಾಟಿದರೆ ಮಂಗಳೂರು, ಅಲ್ಲಿನ ಆಸ್ಪತ್ರೆ, ಕಾಲೇಜು. ಅದರ ಸೆಳೆತವೂ ಗಡಿಭಾಗದ ಬಾಡಿಗೆಯ ಮೇಲೆ ಬಿದ್ದಿದೆ.

ಮಾಲಿಕರೆಲ್ಲ ದುರಾಶೆಯವರೆಂದು ನಾವು ಹೇಳುವುದಿಲ್ಲ. ಗಲ್ಫಿನಲ್ಲಿ ಇಪ್ಪತ್ತೈದು ವರ್ಷ ಬೆವರು ಸುರಿಸಿ ಊರಿಗೆ ಬಂದು ನಾಲ್ಕು ಕ್ವಾರ್ಟರ್ಸ್ ಕಟ್ಟಿ ಅದರ ಬಾಡಿಗೆಯಲ್ಲೇ ಮುಪ್ಪು ಕಳೆಯುವವರು ನಮ್ಮ ನಡುವೆ ಇದ್ದಾರೆ. ಗಂಡನಿಲ್ಲದ ಮನೆಯೊಡತಿಗೆ ಎರಡು ಕೋಣೆಯ ಬಾಡಿಗೆಯೇ ಪಿಂಚಣಿ. ಅವರ ಅಕ್ಕಿಗೂ ಕ್ರಯ ಏರಿದೆ. ಬಾಡಿಗೆ ಮನೆಗಳು ಕಡಿಮೆ, ಬೇಕಾದವರು ಹೆಚ್ಚು ಎಂಬಲ್ಲಿ ಯಾರು ಮಾಲಿಕರಾದರೂ ಬಾಡಿಗೆ ಏರುವುದೇ.

ಹಾಗಾದರೆ ವೇತನ ಏರಿಸುವುದೇ ಬೇಡವೇ?

ಇಲ್ಲಿ ಒಂದು ಅಪಾಯವಿದೆ. ಮೇಲಿನ ಮಾತುಗಳನ್ನು ಹಿಡಿದು, “ನೋಡಿ, ವೇತನ ಏರಿಸಿದರೂ ಅದು ಬಾಡಿಗೆಗೇ ಹೋಗುತ್ತದಂತೆ, ಹಾಗಾದರೆ ಏರಿಸಿ ಏನು ಪ್ರಯೋಜನ?” ಎಂದು ಕೇಳುವವರು ಹೊರಡಬಹುದು. ಈ ವಾದವನ್ನು ನಾವು ಒಪ್ಪುವುದಿಲ್ಲ. ವೇತನ ಏರದೆ ಬಾಡಿಗೆ ಮಾತ್ರ ಏರಿದರೆ ಆ ತಾಯಿಯ ಗತಿ ಏನು? ಐನೂರು ಏರಿದ್ದಕ್ಕೆ ಅವರಿಗೆ ಕೊರತೆ ಐನೂರಾಯಿತು, ಏರದಿದ್ದರೆ ಸಾವಿರವಾಗುತ್ತಿತ್ತು.

ಮಾಲಿಕ ವರ್ಗದ ಆಕ್ಷೇಪ ಹಳೆಯದು: ನಮಗೆ ಕೊಡುವ ಶಕ್ತಿಯಿಲ್ಲ. ಇದಕ್ಕೆ ಉತ್ತರ ಬಂದದ್ದು ಕೇರಳದ್ದೇ ಮೊಕದ್ದಮೆಯಲ್ಲಿ. ಹಂಚಿನ ಕಾರ್ಖಾನೆಗಳಿಗೆ ಕೇರಳ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವನ್ನು ಪ್ರಶ್ನಿಸಿ ಮಾಲಿಕರು ಸುಪ್ರೀಂ ಕೋರ್ಟಿಗೆ ಹೋದರು. ಉಣ್ಣಿಚ್ಚೋಯಿ ಮೊಕದ್ದಮೆಯೆಂದು ಹೆಸರಾದ ಅದರ ತೀರ್ಪು 1961ರಲ್ಲಿ ಬಂತು. ಕನಿಷ್ಠ ವೇತನವನ್ನು ನಿಗದಿ ಮಾಡುವಾಗ ಉದ್ಯೋಗದಾತನ ಕೊಡುವ ಶಕ್ತಿಯನ್ನು ನೋಡಬೇಕಾಗಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಬದುಕಲು ಬೇಕಾದಷ್ಟನ್ನು ಕೊಡಲಾಗದ ಉದ್ಯಮ ದುಡಿಯುವವನ ಹೊಟ್ಟೆಯ ಮೇಲೆ ನಡೆಯಬಾರದು ಎಂಬುದೇ ಇದರ ತಾತ್ಪರ್ಯ.

ಆದರೆ ಕೆಲಸವೇ ಗಡಿಯಾಚೆ ಹೋದರೆ? ಗಡಿನಾಡಿನವರಾದ ನಮಗೆ ಈ ಭಯ ಬರೀ ಊಹೆಯಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯಿದೆಯನ್ನು ಕೇರಳ 1968ರಲ್ಲಿ ಜಾರಿಗೊಳಿಸಿದಾಗ, ಮಂಗಳೂರು ಮೂಲದ ಬೀಡಿ ಕಂಪೆನಿ ಇಲ್ಲಿನ ತನ್ನ ಶಾಖೆಗಳನ್ನು ಮುಚ್ಚಿತು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಸರ್ಕಾರ ಕಾಯಿದೆಯನ್ನು ಹಿಂತೆಗೆಯಲಿಲ್ಲ. ಅದರ ಬದಲು 1969ರಲ್ಲಿ ಕಣ್ಣೂರನ್ನು ಕೇಂದ್ರವಾಗಿಟ್ಟು ಕಾರ್ಮಿಕರದೇ ಸಹಕಾರಿ ಸಂಘ, ಕೇರಳ ದಿನೇಶ್ ಬೀಡಿ, ಹುಟ್ಟಿತು. ಬೀಡಿಯ ಕಾಲ ಇಳಿದ ಮೇಲೆ ಆ ಸಂಘ ಬೇರೆ ಉತ್ಪನ್ನಗಳತ್ತ ತಿರುಗಬೇಕಾಯಿತು ಎಂಬುದು ಬೇರೆ ಮಾತು. ಅದರಿಂದ ಕಲಿಯಬೇಕಾದ ಪಾಠ ಇದು: ಕಾನೂನು ಬಂದರೆ ಸಾಲದು, ಕಾನೂನಿನ ಪರಿಣಾಮವನ್ನು ತಾಳಿಕೊಳ್ಳುವ ವ್ಯವಸ್ಥೆಯೂ ಅದರೊಡನೆ ಬರಬೇಕು. ಆಗ ಅದು ಸಹಕಾರಿ ಸಂಘವಾಗಿ ಬಂತು. ಈಗ ಮನೆಯಾಗಿ ಬರಬೇಕಾಗಿದೆ.

ಬೀಡಿ ಕಟ್ಟುವವರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕು. ಅವರಿಗೆ ಮನೆಯೇ ಕಾರ್ಖಾನೆ. ಎಲೆ, ಹೊಗೆಸೊಪ್ಪು ಇಡುವ ಜಾಗ, ಮಳೆಗಾಲದಲ್ಲಿ ಕಟ್ಟಿದ ಬೀಡಿಗೆ ತೇವ ತಾಗದಂತೆ ಇಡುವ ಮೂಲೆ, ಕುಳಿತು ಕಟ್ಟಲು ಬೆಳಕಿರುವ ಜಗಲಿ, ಇವೆಲ್ಲಕ್ಕೂ ಅವರೇ ಬಾಡಿಗೆ ಕೊಡುತ್ತಾರೆ. ಕಂಪೆನಿಗೆ ಕಟ್ಟಡದ ಖರ್ಚು ಉಳಿಯಿತು. ಆದರೆ ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಗೊತ್ತುಮಾಡುವಾಗ ಈ ಕಟ್ಟಡದ ಬಾಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರ ಕಲ್ಯಾಣಕ್ಕೆಂದು ವಸೂಲಾಗುತ್ತಿದ್ದ ಬೀಡಿ ಸೆಸ್ ಕೂಡ 2017ರಲ್ಲಿ ಜಿಎಸ್‌ಟಿ ಬಂದಾಗ ನಿಂತುಹೋಯಿತು.

ಆಗಬೇಕಾದದ್ದೇನು?

ಮೊದಲನೆಯದಾಗಿ, ವೇತನ ಪರಿಷ್ಕರಣೆಯಾಗುವಾಗ ಮನೆಬಾಡಿಗೆಯನ್ನು ಊಟದ ಖರ್ಚಿನ ಹತ್ತನೆಯ ಒಂದು ಪಾಲೆಂದು ಕಣ್ಣುಮುಚ್ಚಿ ಬರೆಯಬಾರದು. ಆಯಾ ಪ್ರದೇಶದಲ್ಲಿ ಕೂಲಿಕಾರರು ನಿಜವಾಗಿ ಕೊಡುವ ಬಾಡಿಗೆಯನ್ನು ವಿಚಾರಿಸಿ ಪ್ರತ್ಯೇಕ ಅಂಶವಾಗಿ ಸೇರಿಸಬೇಕು. ವೇತನ ಸಂಹಿತೆ ಪ್ರದೇಶವನ್ನು ಗಮನಿಸಲು ಅವಕಾಶ ಕೊಟ್ಟಿದೆ. ಉಪ್ಪಳ, ಕುಂಬಳೆ, ಮಂಜೇಶ್ವರಗಳ ಪೇಟೆಗಳು ಹೆಸರಿಗೆ ಪಂಚಾಯತುಗಳು, ಬಾಡಿಗೆಯಲ್ಲಿ ನಗರಗಳು.

ಎರಡನೆಯದಾಗಿ, ಮನೆಗಳನ್ನು ಕಟ್ಟಬೇಕು. ಕೊಡುವುದಕ್ಕೆ ಮಾತ್ರವಲ್ಲ, ಬಾಡಿಗೆಗೂ. ಲೈಫ್ ಮಿಷನ್ ಯೋಜನೆಯಲ್ಲಿ ಮನೆಯೊಂದಕ್ಕೆ 4 ಲಕ್ಷ ರೂಪಾಯಿ ನೆರವು ಕೊಟ್ಟು ಕೇರಳ ಲಕ್ಷಗಟ್ಟಲೆ ಮನೆಗಳನ್ನು ಕಟ್ಟಿಸಿದೆ. ಇದನ್ನು ಮೆಚ್ಚಬೇಕು. ಆದರೆ ಜಾಗವೇ ಇಲ್ಲದವನಿಗೆ ಆ ಪಟ್ಟಿಯಲ್ಲಿ ಕಾಯುವ ಕಾಲ ದೀರ್ಘ. ಅಷ್ಟರವರೆಗೆ ಅವನು ಎಲ್ಲಿರಬೇಕು? ವಲಸೆ ಕಾರ್ಮಿಕರಿಗಾಗಿ ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಸರ್ಕಾರದ ಸಂಸ್ಥೆಯೊಂದು ‘ಅಪ್ನಾ ಘರ್’ ಎಂಬ ಬಾಡಿಗೆ ವಸತಿಗೃಹವನ್ನು ಕಟ್ಟಿ 2019ರಲ್ಲಿ ತೆರೆಯಿತು. ಒಂಟಿ ಕಾರ್ಮಿಕರಿಗೆ ಸಾಧ್ಯವಾದದ್ದು ಕುಟುಂಬಗಳಿಗೆ ಏಕೆ ಸಾಧ್ಯವಾಗಬಾರದು? ಪಂಚಾಯತು, ನಗರಸಭೆಗಳು ತಮ್ಮ ಜಾಗದಲ್ಲಿ ಐವತ್ತು ಮನೆಗಳ ಒಂದು ಸಾಲು ಕಟ್ಟಿ ಮಿತವಾದ ಬಾಡಿಗೆಗೆ ಕೊಟ್ಟರೂ, ಸುತ್ತಣ ಖಾಸಗಿ ಬಾಡಿಗೆಗೆ ಅದು ಕಡಿವಾಣವಾಗುತ್ತದೆ. 1957ರ ಸೂತ್ರ ಊಹಿಸಿಕೊಂಡದ್ದು ಇಂತಹ ಮನೆಯನ್ನೇ.

ಮೂರನೆಯದಾಗಿ, ಇರುವ ಕಾನೂನನ್ನಾದರೂ ನಾವು ಬಳಸಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅಧಿಸೂಚನೆಯಲ್ಲಿ ಇದ್ದದ್ದು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹೊರಬರುವುದಿಲ್ಲ. ನಿಗದಿಗಿಂತ ಕಡಿಮೆ ಕೊಟ್ಟ ಸಂಬಳದ ಬಾಕಿಗೆ ದಾವೆ ಹೂಡಲು ಹಳೆಯ ಕಾಯಿದೆಯಲ್ಲಿ ಆರು ತಿಂಗಳ ಅವಧಿಯಿತ್ತು, ಸಂಹಿತೆಯಲ್ಲಿ ಅದು ಮೂರು ವರ್ಷ. ಸಂಬಳದ ಚೀಟಿ ಕೊಡುವುದು ಉದ್ಯೋಗದಾತನ ಕರ್ತವ್ಯ. ಹಾಗೆಯೇ ಬಾಡಿಗೆಯಲ್ಲಿ: 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯಿದೆ ಅನ್ವಯವಾಗುವ ಪ್ರದೇಶಗಳಲ್ಲಿ, ಕಾನೂನು ಹೇಳಿದ ಕಾರಣವಿಲ್ಲದೆ, ಬಾಡಿಗೆ ನಿಯಂತ್ರಣ ನ್ಯಾಯಾಲಯದ ಆದೇಶವಿಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲ. ಕೊಟ್ಟ ಬಾಡಿಗೆಗೂ ಮುಂಗಡಕ್ಕೂ ರಶೀದಿ ಕೇಳುವ ಹಕ್ಕಿದೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಕ್ವಾರ್ಟರ್ಸಿನವರ ಬಳಿ ಒಂದು ಬರಹದ ಕರಾರು ಇದೆ?

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ವೇತನದ ಅಧಿಸೂಚನೆ ಅಂಗಡಿಯ ಗೋಡೆಯಲ್ಲಿ ತೂಗಿದರೂ ಅದು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ನಮ್ಮ ಕನ್ನಡದ ಹೆಂಗಸರಿಗೆ ಅದು ಬರಿಯ ಕಾಗದ. ಕನ್ನಡದಲ್ಲಿಯೂ ಅದನ್ನು ಪ್ರಕಟಿಸಬೇಕೆಂದು ನಾವು ಒತ್ತಾಯಿಸಬೇಕು. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾಮಫಲಕ, ಪಾಠಪುಸ್ತಕ, ನೇಮಕಾತಿ ಇಷ್ಟೇ ಎಂದು ನಮ್ಮ ಸಂಘಗಳು ಭಾವಿಸಿರುವಂತಿದೆ. ಆ ಹೋರಾಟಗಳ ಬೆಲೆಯನ್ನು ನಾವು ಕಡಿಮೆ ಮಾಡುವುದಿಲ್ಲ, ಅವುಗಳಲ್ಲಿ ನಾವೂ ಪಾಲುಗೊಂಡವರೇ. ಆದರೆ ಸಂಬಳದ ಚೀಟಿಯೂ ಬಾಡಿಗೆಯ ರಶೀದಿಯೂ ಕನ್ನಡದ ಪ್ರಶ್ನೆಗಳೇ.

ಏಕೆಂಬುದು ನಮಗೆ ಪ್ರತಿ ಜೂನ್ ತಿಂಗಳಲ್ಲಿ ತಿಳಿಯುತ್ತದೆ. ಕೇರಳದ ಶಾಲೆಗಳಲ್ಲಿ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ತರಗತಿಯ ವಿಭಾಗಗಳು, ಅಧ್ಯಾಪಕರ ಹುದ್ದೆಗಳು ನಿಲ್ಲುತ್ತವೆ. ಒಂದೆರಡು ಮಕ್ಕಳು ಕಡಿಮೆಯಾದರೆ ಒಂದು ವಿಭಾಗ ಹೋಗುತ್ತದೆ, ವಿಭಾಗ ಹೋದರೆ ಒಂದು ಹುದ್ದೆ ಹೋಗುತ್ತದೆ. ಮಗು ಕನ್ನಡವನ್ನು ಬೇಡವೆಂದು ಬಿಟ್ಟುಹೋಗಿರುವುದಿಲ್ಲ. ತಂದೆತಾಯಿಗೆ ಕನ್ನಡದ ಮೇಲೆ ಅಭಿಮಾನ ಕಡಿಮೆಯಾಗಿರುವುದಿಲ್ಲ. ಕ್ವಾರ್ಟರ್ಸಿನ ಬಾಡಿಗೆ ಸಾವಿರ ಏರಿರುತ್ತದೆ, ಅಷ್ಟೆ. ವೇದಿಕೆಯ ಮೇಲೆ ನಿಂತು ಕನ್ನಡ ಶಾಲೆ ಉಳಿಸಿರೆಂದು ನಾವೆಲ್ಲ ಭಾಷಣ ಮಾಡುವಾಗ, ಅತ್ತ ಒಂದು ಗೂಡ್ಸ್ ರಿಕ್ಷಾದಲ್ಲಿ ಪಾತ್ರೆಪಗಡೆ, ಚಾಪೆ, ಪುಸ್ತಕದ ಚೀಲ ಹೇರಿಕೊಂಡು ಒಂದು ಕನ್ನಡ ಕುಟುಂಬ ಇನ್ನೊಂದು ಊರಿಗೆ ಹೊರಟಿರುತ್ತದೆ.

ಆದುದರಿಂದ ಕನಿಷ್ಠ ವೇತನ ಏರಲಿ. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಮುಂದಿನ ಸಲ ಏರಿಕೆಯ ಘೋಷಣೆ ಹೊರಟಾಗ ಎಷ್ಟು ಏರಿತೆಂದು ಮಾತ್ರ ಕೇಳದೆ, ಅದರಲ್ಲಿ ಬಾಡಿಗೆಗೆಂದು ಎಷ್ಟು ಹಿಡಿದಿದ್ದೀರಿ, ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೆ ಎಂದು ಕೂಡ ಕೇಳೋಣ. ಪಂಚಾಯತು ಸದಸ್ಯರು ಮತ ಕೇಳಲು ಬಂದಾಗ, ಗ್ರಾಮಸಭೆ ಕೂಡಿದಾಗ, ಈ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದು ಕೊಡೋಣ.

ಆ ತಾಯಿಗೆ ವರ್ಗಾವಣೆ ಪತ್ರವನ್ನು ನಾವು ಕೊಟ್ಟೆವು. ಕೊಡದಿರಲು ನಮಗೆ ಅಧಿಕಾರವಿಲ್ಲ. ಹುಡುಗಿ ತನ್ನ ಗೆಳತಿಯರ ಜೊತೆ ಬಾಗಿಲ ಬಳಿ ನಿಂತಿದ್ದಳು. ಮರುದಿನ ಆರನೆಯ ಕೆಲಸದ ದಿನ.